ಆಟದ ನಡುವೆ ಆರುವ ಕಂಪ್ಯೂಟರ್ ಮತ್ತು ಒಂದು ‘ಟಕ್’

ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ಅಕ್ಕನ ಮಗ ಎರಡು ವರ್ಷ ದುಡ್ಡು ಕೂಡಿಟ್ಟು ಒಂದು ಗೇಮಿಂಗ್ ಕಂಪ್ಯೂಟರ್ ಮಾಡಿಸಿಕೊಂಡ. ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್, 750 ವಾಟಿನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿ ಕೊಡುವ ಪೆಟ್ಟಿಗೆ), ಗಾಜಿನ ಕ್ಯಾಬಿನೆಟ್, ಒಳಗೆ ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ ಮಿನುಗುವ ಫ್ಯಾನುಗಳು. ಏಪ್ರಿಲ್ ಬಂತು, ಕಾಟ ಶುರುವಾಯಿತು. ಕಾಲೇಜಿನ ಪಾಠ ನೋಡುವಾಗ ಎಷ್ಟು ಹೊತ್ತಾದರೂ ಏನೂ ಆಗುವುದಿಲ್ಲ. ಆಟಕ್ಕೆ ಕೂತರೆ ಮಾತ್ರ ನಡುವೆ ಎಲ್ಲೋ ಪಕ್ಕನೆ ಆರಿ ಹೋಗುತ್ತದೆ. ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ. ಒಮ್ಮೊಮ್ಮೆ ತಾನೇ ಮತ್ತೆ ಹೊತ್ತಿಕೊಳ್ಳುತ್ತದೆ.

“ಮಾಮ, ಓದ್ತಾ ಇದ್ರೆ ಆಫ್ ಆಗಲ್ಲ, ಆಡ್ತಾ ಇದ್ರೆ ಮಾತ್ರ ಆಗುತ್ತೆ. ಅಮ್ಮ ಇದು ದೇವರೇ ಮಾಡಿದ್ದು ಅಂತಾಳೆ.”

ಅಂಗಡಿಯವರು ಕೇಳಿದ ಕೂಡಲೇ “ವಾಟ್ ಸಾಲಲ್ಲ, ಸಾವಿರದ್ದು ಹಾಕ್ಸಿ” ಅಂದರಂತೆ. ಎಲ್ಲರೂ ಹೇಳುವುದು ಅದನ್ನೇ. ಸುಮ್ನೆ ಲೆಕ್ಕ ಹಾಕಿ ನೋಡಿದೆ. ಕಾರ್ಡಿಗೆ 320 ವಾಟ್, ಪ್ರೊಸೆಸರ್‌ಗೆ 150, ಮಿಕ್ಕಿದ್ದಕ್ಕೆಲ್ಲ 60–70. ಒಟ್ಟು 550ರ ಸುತ್ತಮುತ್ತ. 750 ಸಾಕಲ್ವಾ?

ಸಾಕು, ಆದರೆ ಇದು ಸರಾಸರಿ ಲೆಕ್ಕ. ಗ್ರಾಫಿಕ್ಸ್ ಕಾರ್ಡಿನ ಹಸಿವು ಒಂದೇ ಸಮ ಇರುವುದಿಲ್ಲ. ಪರದೆಯಲ್ಲಿ ಸ್ಫೋಟ ಆದಾಗ, ಹೊಸ ದೃಶ್ಯ ತೆರೆದಾಗ, ಕಣ್ಣಿಗೆ ಕಾಣದಷ್ಟು ಚಿಕ್ಕ ಹೊತ್ತು ಅದು ತನ್ನ ಪಾಲಿಗಿಂತ ತುಂಬಾ ಜಾಸ್ತಿ ಎಳೆದುಬಿಡುತ್ತದೆ. ಕೆಲವು ಎಸ್‌ಎಂಪಿಎಸ್‌ಗಳು ಇದನ್ನು ಶಾರ್ಟ್ ಸರ್ಕಿಟ್ ಅಂದುಕೊಂಡು ಬಾಗಿಲು ಮುಚ್ಚುತ್ತವೆ. ಈ ರಗಳೆ ಹೆಚ್ಚಾಗಿದ್ದಕ್ಕೇ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ, ದೊಡ್ಡ ಕಾರ್ಡಿಗೆಂದು ಮಾಡಿದ ಎಸ್‌ಎಂಪಿಎಸ್ ತನ್ನ ವಾಟಿನ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ಹೊತ್ತು ತಡೆದುಕೊಳ್ಳಬೇಕು ಎಂದಿತು. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ನಮ್ಮ ಮಲ್ಟಿಮೀಟರ್ ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಭಾನುವಾರ ಹೋಗಿ ಕ್ಯಾಬಿನೆಟ್ ಬಿಚ್ಚಿದೆ. ಕಾರ್ಡಿಗೆ ಎರಡು 8 ಪಿನ್ ಸಾಕೆಟ್ ಇದೆ, ಒಂದೊಂದಕ್ಕೂ 150 ವಾಟಿನ ಮಿತಿ. ಇವನು ಒಂದೇ ಕೇಬಲ್ಲಿನ ಎರಡು ಕೊಂಡಿಗಳನ್ನು ಎರಡಕ್ಕೂ ಸಿಕ್ಕಿಸಿದ್ದ. ಇಬ್ಬರ ಭಾರ ಒಬ್ಬನ ತಲೆ ಮೇಲೆ. ಎಸ್‌ಎಂಪಿಎಸ್ ಡಬ್ಬದಲ್ಲೇ ಉಳಿದಿದ್ದ ಇನ್ನೊಂದು ಕೇಬಲ್ ತೆಗೆದು ಬೇರೆ ಬೇರೆ ಹಾಕಿದೆ. (ಗೆಳೆಯನ ಹತ್ತಿರ ಬೇರೆ ಕಂಪನಿಯ ಕೇಬಲ್ ಇದೆ, ತರ್ಲಾ ಅಂತ ಕೇಳಿದ. ಬೇಡವೇ ಬೇಡ. ಕಾರ್ಡಿನ ಕಡೆಯ ತುದಿ ಎಲ್ಲದಕ್ಕೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಒಬ್ಬೊಬ್ಬರದು ಒಂದೊಂದು ಕ್ರಮ. ಹೀಗೆ ಹಾಕಿ ಹಾರ್ಡ್ ಡಿಸ್ಕ್ ಸುಟ್ಟುಕೊಂಡವರಿದ್ದಾರೆ.) ಮೀಟರ್ ಹಿಡಿದರೆ 12 ವೋಲ್ಟಿನ ತಂತಿಯಲ್ಲಿ 12.1. ಅದು 11.4ರಿಂದ 12.6ರ ಒಳಗಿದ್ದರೆ ಸರಿ.

ಎರಡು ದಿನ ಬೀಗಿದೆ. ಮೂರನೇ ದಿನ ಸಂಜೆ ಮತ್ತೆ ಆರಿತು.

ವಿಂಡೋಸ್‌ನ ದಿನಚರಿಯಲ್ಲಿ ‘ಕರ್ನಲ್-ಪವರ್ 41’ ಎಂಬ ಸಾಲು ಸಾಲು ನಮೂದು. ಇದನ್ನು ನೋಡಿ ಎಸ್‌ಎಂಪಿಎಸ್ ಹೋಯಿತು ಅಂತ ಗಾಬರಿಯಾಗುವವರು ಬಹಳ. ಅದು ಹೇಳುವುದು ಇಷ್ಟೇ: ಹೋದ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ. ಕಾರಣ ಅದಕ್ಕೂ ಗೊತ್ತಿಲ್ಲ. ಆದರೆ ಅದರಲ್ಲಿ ಗಂಟೆ ನಿಮಿಷ ಇತ್ತು. ಹೆಚ್ಚಿನವು ಸಂಜೆ ಏಳರ ಮೇಲಿನವು.

ಸುಳಿವು ಕೊಟ್ಟವಳು ಅಕ್ಕ. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾ ಅಡಿಗೆಮನೆಯಿಂದಲೇ ಕೂಗಿದಳು: “ಇನ್ವರ್ಟರ್ ಟಕ್ ಅಂದಾಗಲೇ ಇವನು ಅಯ್ಯೋ ಅನ್ನೋದು.”

ಇಲ್ಲಿ ಎಸ್‌ಎಂಪಿಎಸ್ ಒಳಗೆ ಸ್ವಲ್ಪ ಇಣುಕಬೇಕು. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಒಂದು ತೂಗಿಗೆ 20 ಮಿಲಿಸೆಕೆಂಡ್. ಎಸ್‌ಎಂಪಿಎಸ್ ಅದನ್ನು ಸುಮಾರು 380 ವೋಲ್ಟಿನ ನೇರ ಕರೆಂಟ್ ಮಾಡಿ ಒಂದು ದಪ್ಪ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಕತ್ತರಿಸಿ ಕತ್ತರಿಸಿ 12 ವೋಲ್ಟಿಗೆ ಇಳಿಸುತ್ತದೆ. ದಾವಣಗೆರೆಯವರಿಗೆ ಇದನ್ನು ಹೇಳುವುದು ಸುಲಭ. ಭದ್ರಾ ನಾಲೆಯ ನೀರು ನಿಂತಾಗ ಊರು ಕುಂದವಾಡ ಕೆರೆಯ ನೀರು ಕುಡಿಯುವುದಿಲ್ಲವೇ? ಆ ಕೆಪಾಸಿಟರ್ ಕಂಪ್ಯೂಟರಿನ ಕುಂದವಾಡ ಕೆರೆ.

ಕೆರೆ ಎಷ್ಟು ದೊಡ್ಡದು? 470 ಮೈಕ್ರೋಫ್ಯಾರಡ್‌ದು ಅಂತಿಟ್ಟುಕೊಳ್ಳಿ. 380 ವೋಲ್ಟ್ ತುಂಬಿದರೆ ಅದರಲ್ಲಿ ಸುಮಾರು 34 ಜೂಲ್ ಇರುತ್ತದೆ. ವೋಲ್ಟೇಜ್ 300ಕ್ಕೆ ಇಳಿದರೆ ಎಸ್‌ಎಂಪಿಎಸ್ ಕೈಚೆಲ್ಲುತ್ತದೆ ಎಂದುಕೊಂಡರೆ, ಬಳಕೆಗೆ ಸಿಗುವುದು ಹೆಚ್ಚು ಕಡಿಮೆ 13 ಜೂಲ್. ಪಾಠ ನೋಡುವಾಗ ಕಂಪ್ಯೂಟರ್ 100 ವಾಟ್ ಎಳೆಯುತ್ತದೆ, ಅಂದರೆ ಸೆಕೆಂಡಿಗೆ 100 ಜೂಲ್. 13 ಜೂಲಿನಲ್ಲಿ ನೂರು ಮಿಲಿಸೆಕೆಂಡಿಗೂ ಜಾಸ್ತಿ ತಳ್ಳಬಹುದು. ಆಟದಲ್ಲಿ 550 ವಾಟ್. ಅದೇ 13 ಜೂಲ್ ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡಿನಲ್ಲಿ ಖಾಲಿ.

ಇನ್ವರ್ಟರ್ ಮಾಡುತ್ತಿದ್ದುದೇನು? ಬೇಸಿಗೆ ಸಂಜೆ ಎಲ್ಲರ ಮನೆಯಲ್ಲೂ ಕೂಲರ್, ಎಸಿ ಹಚ್ಚುವ ಹೊತ್ತಿಗೆ ಕರೆಂಟ್ ಒಂದು ಕ್ಷಣ ಹೋಗಿ ಬರುವುದುಂಟು. ಇನ್ವರ್ಟರ್ ಅದನ್ನು ಗುರುತಿಸಿ ಟಕ್ ಎಂದು ಬ್ಯಾಟರಿಗೆ ದಾಟುತ್ತದೆ. ದಾಟುವಾಗ ಚೂರು ಹೊತ್ತು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅದರ ಹಿಂದೆ ಒಂದು ಚಿಕ್ಕ ಸ್ವಿಚ್ ಇತ್ತು. ಯುಪಿಎಸ್ ಮೋಡ್‌ನಲ್ಲಿದ್ದರೆ ಬೇಗ ದಾಟುತ್ತದೆ, ಇನ್ನೊಂದು ಮೋಡ್‌ನಲ್ಲಿ ನಿಧಾನ. ಫ್ಯಾನಿಗೂ ಟ್ಯೂಬ್‌ಲೈಟಿಗೂ ಆ ನಿಧಾನ ಗೊತ್ತೇ ಆಗುವುದಿಲ್ಲ. 100 ವಾಟಿನ ಕಂಪ್ಯೂಟರ್ ಸಹ ಕೆರೆ ನೀರು ಕುಡಿದು ದಾಟಿಬಿಡುತ್ತದೆ. 550 ವಾಟಿನದು ನಡುನೀರಿನಲ್ಲಿ ಮುಳುಗುತ್ತದೆ. ದೇವರದೂ ತಪ್ಪಿಲ್ಲ, ಎಸ್‌ಎಂಪಿಎಸ್‌ದೂ ಇಲ್ಲ.

ಇನ್ನೊಂದು ಮಾತು. ಕೆಪಾಸಿಟರ್ ಒಳಗಿನ ದ್ರವ ಸೆಕೆಗೆ ನಿಧಾನವಾಗಿ ಆರುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎನ್ನುವುದು ಈ ಕ್ಷೇತ್ರದ ಹಳೆಯ ಲೆಕ್ಕ. ನಮ್ಮ ಬಿಸಿಲಿಗೆ, ಫ್ಯಾನಿನ ಜಾಲರಿ ಮುಚ್ಚುವ ಈ ಧೂಳಿಗೆ, ವರ್ಷ ಕಳೆದಂತೆ ಕೆರೆಯಲ್ಲಿ ಹೂಳು ತುಂಬುತ್ತದೆ. ಜಾಲರಿಯ ಧೂಳನ್ನು ಹೊರಗಿನಿಂದ ಒರೆಸಿ, ಎಸ್‌ಎಂಪಿಎಸ್ ಪೆಟ್ಟಿಗೆ ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರಬಹುದು.

ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಳ್ಳಿದೆ. ಕಂಪ್ಯೂಟರ್ ಆರುವುದು ನಿಂತಿತು, ಭಾವನ ಗೊಣಗಾಟ ಶುರುವಾಯಿತು. ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಕಡಿಮೆಯಾದರೂ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಸಂಜೆ ವೋಲ್ಟೇಜ್ ಇಳಿಯುವ ಬೀದಿಯಲ್ಲಿ ನಿಜವಾಗಿ ಕರೆಂಟ್ ಹೋಗುವಷ್ಟರಲ್ಲಿ ಬ್ಯಾಟರಿ ಬರಿದು. ಎಲೆಕ್ಟ್ರಿಷಿಯನ್ ಬೇಕಂತಲೇ ಇನ್ನೊಂದು ಕಡೆ ಇಟ್ಟಿದ್ದನಂತೆ, ಪಾಪ. ಹಾಗಾಗಿ ಕಂಪ್ಯೂಟರನ್ನು ಇನ್ವರ್ಟರ್ ಲೈನಿನಿಂದ ಬಿಡಿಸಿ, ಅದಕ್ಕೇ ಒಂದು ಸೈನ್ ವೇವ್ (ಗೋಡೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ) ಯುಪಿಎಸ್ ತಂದೆವು. ಹೆಸರಿಗೆ 1500 ವಿಎ, ಕೊಡುವುದು 900 ವಾಟ್. ಅಗ್ಗಕ್ಕೆ ಸಿಗುವ 600 ವಿಎ ಡಬ್ಬ ಸಾಮಾನ್ಯವಾಗಿ ಕೊಡುವುದು 360 ವಾಟ್ ಮಾತ್ರ, ಅದೂ ಚೌಕಾಕಾರದ ಅಲೆ. ಅದನ್ನು ಕಂಡರೆ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಿಗೇ ಆಗಿಬರುವುದಿಲ್ಲ.

ಹೊಸ ಪ್ಲಗ್ ಹಾಕುವಾಗ ಹುಡುಗ ಕೇಳಿದ, “ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ, ಅದೂ ಇದೇನಾ?” ಅಲ್ಲ. ಎಸ್‌ಎಂಪಿಎಸ್‌ನಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಮೈತಗಡಿಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಕರೆಂಟಿನಲ್ಲಿ ಬೆರೆತ ವಿದ್ಯುತ್ ಗಲಾಟೆಯನ್ನು (ನಾಯ್ಸ್) ಹೀರಿ ಅರ್ಥಿಗೆ ಕಳಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ ತಗಡು ಎರಡರ ನಡುವೆ, ಅಂದರೆ 115 ವೋಲ್ಟಿನ ಹತ್ತಿರ ನೇತಾಡುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಆದರೂ ಮನೆಯ ಅರ್ಥಿಂಗ್ ಸತ್ತಿದೆ ಎಂಬ ಸುದ್ದಿ ಅದು. ಹಿತ್ತಲಿನ ಅರ್ಥಿಂಗ್ ಗುಂಡಿ ನೋಡಿದರೆ ತಂತಿ ತುಕ್ಕು ಹಿಡಿದು ಕಡಿದೇ ಹೋಗಿತ್ತು. ಭಾವ ಈ ವಾರ ಅದನ್ನು ಹೊಸದಾಗಿ ಹಾಕಿಸುತ್ತಿದ್ದಾರೆ.