ಸಾಮರ್ಥ್ಯ ಯಾಕೆ ‘ಸಾಮಥ್ರ್ಯ’ ಆಗುತ್ತದೆ?

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿದಿತ್ತು, ಬಿಸಿಲು ಏರುತ್ತಿತ್ತು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರು ಒಂದು ಪೆನ್ ಡ್ರೈವ್ ತಂದುಕೊಟ್ಟರು. ಇಪ್ಪತ್ತು ವರ್ಷದ ಹಿಂದೆ ಸೂಪರ್ ಮಾರ್ಕೆಟ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ವಚನಗಳ ಟಿಪ್ಪಣಿ ಅದರಲ್ಲಿತ್ತು. ಫೋನಿನಲ್ಲಿ ಓದಲು ಬರುವ ಹಾಗೆ ಮಾಡಿಕೊಡು ಅಂದರು. ನಾವು ನಾಲ್ಕು ಮಂದಿ ಬಿಡುವಿನಲ್ಲಿ ನೋಡಿಕೊಳ್ಳುವ, ಹಳೇ ಫಾಂಟಿನ ಕನ್ನಡವನ್ನು ಈಗಿನ ಫೋನು ಓದುವ ರೂಪಕ್ಕೆ ತರುವ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ತಿದ್ದಬಹುದಾದ) ಕನ್ವರ್ಟರ್‌ಗೆ ಹಾಕಿ ಕಳಿಸಿದೆ. ಎರಡು ದಿನಕ್ಕೆ ಅವರ ಫೋನ್ ಬಂತು.

“ಮರ್ತ್ಯ ಅಂತ ಬರ್ದಿದ್ದೆ, ಮತ್ರ್ಯ ಆಗ್ಯಾದ ನೋಡು. ಸಾಮರ್ಥ್ಯ ಹೋಗಿ ಸಾಮಥ್ರ್ಯ ಆಗ್ಯಾದ. ನಾ ಹಿಂಗ ಬರ್ದಿಲ್ಲಪ್ಪಾ.”

ಈ ‘ಸಾಮಥ್ರ್ಯ’ವನ್ನು ನೀವೂ ನೋಡಿರುತ್ತೀರಿ, ಅಲ್ವಾ? ಸುದ್ದಿಯಲ್ಲಿ, ಸುತ್ತೋಲೆಯಲ್ಲಿ, ಮದುವೆ ಆಮಂತ್ರಣದಲ್ಲಿ. ಇದು ಬರೆದವರ ಕಾಗುಣಿತದ ತಪ್ಪಲ್ಲ. ಇದರ ಬೇರು ಮೂವತ್ತು ವರ್ಷ ಹಿಂದಿದೆ.

1991ರಲ್ಲಿ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಜಾಗ ಮೀಸಲಿತ್ತು. ಆದರೆ ಆಗಿನ ಕಂಪ್ಯೂಟರುಗಳಿಗೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿ ಜೊತೆ. ಅಲ್ಲಿಯವರೆಗೆ ಕಾಯುತ್ತಾ ಕೂರುವ ಹಾಗಿರಲಿಲ್ಲ. 1998ರಲ್ಲಿ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಕನ್ನಡ ಕಂಪ್ಯೂಟರಿಗೆ ಬಂದದ್ದೇ ಆ ಉಪಾಯದಿಂದ, ಅದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ‘ಕನ್ನಡ’ ಎಂಬ ಪದದ ಶುರುವಿನಲ್ಲಿ ಇಂಗ್ಲಿಷಿನ ಪಿ, ನಡುವೆ ಪೌಂಡ್ ಗುರುತು ಕಾಣುತ್ತದೆ.

ತೊಂದರೆ ಇರುವುದು ಅರ್ಕಾವತ್ತಿನಲ್ಲಿ. ಹಳೇ ಫೈಲಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಸಾಲಿನಲ್ಲಿರುತ್ತವೆ. ‘ಮರ್ತ್ಯ’ ಅಂದರೆ ಮೊದಲು ಮ, ಆಮೇಲೆ ತ, ಯ ಒತ್ತು, ಕೊನೆಗೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ಸಾಲು ಬಾಯಿಗೆ ಬರುವಂತೆ: ಮ, ರ್, ತ್, ಯ. ಹಾಗಾಗಿ ಕನ್ವರ್ಟರ್ ಕೊನೆಯ ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ಇಡಬೇಕು. ನಮ್ಮದು ಒಂದೇ ಹೆಜ್ಜೆ ಹಿಂದೆ ಹೋಗುತ್ತಿತ್ತು. ‘ಸೂರ್ಯ’ಕ್ಕೆ ಅಷ್ಟು ಸಾಕು. ‘ಮರ್ತ್ಯ’ದಲ್ಲಿ ನಡುವೆ ಒತ್ತು ಇದೆ, ಇಡೀ ತ್ಯ ದಾಟಬೇಕು. ದಾಟದೆ ರ್ ಮಧ್ಯದಲ್ಲೇ ಸಿಕ್ಕಿಕೊಂಡು ಮತ್ರ್ಯ ಆಗುತ್ತಿತ್ತು.

ಏಪ್ರಿಲ್‌ನಲ್ಲಿ ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ ಒಬ್ಬಳು ತಿದ್ದುಪಡಿ ಬರೆದು ಕಳಿಸಿದಳು. ಹತ್ತೋ ಹನ್ನೆರಡೋ ಸಾಲು. ಮರ್ತ್ಯ ಸರಿಹೋಯಿತು, ಆದರೆ ‘ರ‍್ಯಾಂಕ್’ ಕೆಟ್ಟಿತು. ಅಲ್ಲಿ ಅರ್ಕಾವತ್ತು ಬರಬಾರದು. ಅದಕ್ಕೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ, ಜೀರೋ ವಿಡ್ತ್ ಜಾಯ್ನರ್, ಇಡಬೇಕು. ಅದನ್ನೂ ಸರಿಮಾಡಿದಳು. ಆಮೇಲೆ ಸುಮ್ನೆ ಕಾದೆವು.

ಮೇ ಹೋಯಿತು, ಜೂನ್ ಹೋಯಿತು. ಹೊಸ ಆವೃತ್ತಿ ಬಿಡುವ ಕೀಲಿ ಬೆಂಗಳೂರಿನ ಒಬ್ಬ ಗೆಳೆಯನ ಹತ್ತಿರ ಮಾತ್ರ ಇತ್ತು. ಅವನಿಗೆ ಆಗಷ್ಟೇ ಮಗಳು ಹುಟ್ಟಿದ್ದಳು, ಹಗಲೆಲ್ಲ ನೌಕರಿ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಏಳು ವರ್ಷ ಒಂದು ಪೈಸೆ ತಗೊಳ್ಳದೆ ದುಡಿದವನು.

ಇದು ನಮ್ಮ ಸಣ್ಣ ಕೆಲಸಕ್ಕಷ್ಟೇ ಬಂದ ಕಷ್ಟವಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದ ಗ್ನೂ ಯೋಜನೆ ಸಾರಿದಾಗಿನಿಂದ ತಂತ್ರಾಂಶ ಹಂಚಿಕೊಳ್ಳುವ ಹಕ್ಕಿನ ಬಗ್ಗೆ ಬಹಳ ಮಾತಾಗಿದೆ. ಹಂಚಿಕೊಂಡದ್ದನ್ನು ವರ್ಷಗಟ್ಟಲೆ ಯಾರು ನೋಡಿಕೊಳ್ಳಬೇಕು ಅನ್ನುವುದರ ಬಗ್ಗೆ ಕಡಿಮೆ. 2014ರಲ್ಲಿ, ಅಂತರ್ಜಾಲದಲ್ಲಿ ಹೋಗಿಬರುವ ಮಾಹಿತಿಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ ಜಗತ್ತು ಬೆಚ್ಚಿತು. ಬ್ಯಾಂಕುಗಳೂ ನಂಬಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. 2024ರದ್ದು ಇನ್ನೂ ನೋವಿನ ಕಥೆ. ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶವನ್ನು ಲಾಸ್ಸೆ ಕಾಲಿನ್ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ದಣಿದಿದ್ದೇನೆ, ಮನಸ್ಸಿನ ಆರೋಗ್ಯ ಸರಿಯಿಲ್ಲ ಎಂದು 2022ರಲ್ಲೇ ಹೇಳಿಕೊಂಡಿದ್ದರು. ಕೆಲವರು ಬೇಗ ಮಾಡಿ ಎಂದು ಒತ್ತಾಯ ಹಾಕಿದರು. ಸಹಾಯಕ್ಕೆ ಬಂದವನೊಬ್ಬ ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರ್ ಹುಡುಕಿಕೊಂಡು ಹೋದದ್ದರಿಂದ ಅದು ಸಿಕ್ಕಿತು.

ಈ ಸುದ್ದಿ ಓದಿದ್ದರಿಂದಲೇ ನಮ್ಮ ಗೆಳೆಯನಿಗೆ ಬೇರೆಯವರ ಕೈಗೆ ಕೀಲಿ ಕೊಡಲು ಹೆದರಿಕೆ. ಒಬ್ಬನೇ ಇಟ್ಟುಕೊಂಡರೆ ಕೆಲಸ ನಿಲ್ಲುತ್ತದೆ, ಗುರುತಿಲ್ಲದವರಿಗೆ ಕೊಟ್ಟರೆ ಅಪಾಯ.

ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ ಜನ ಬಂದರು. ಓಪನ್ ಸೋರ್ಸ್ ಕೆಲಸಕ್ಕೆ ಹೊಸಬರನ್ನು ಕರೆಯುವ, 2014ರಿಂದ ನಡೆಯುತ್ತಿರುವ ಹ್ಯಾಕ್ಟೋಬರ್‌ಫೆಸ್ಟ್ ತಿಂಗಳು ಅದು. ಬಹುಮಾನದ ಟೀ ಶರ್ಟಿಗಾಗಿ 2020ರಲ್ಲಿ ಕೆಲಸಕ್ಕೆ ಬಾರದ ತಿದ್ದುಪಡಿಗಳು ಎಷ್ಟು ಬಂದವೆಂದರೆ, ಒಪ್ಪಿದ ಯೋಜನೆಗಳಿಗೆ ಮಾತ್ರ ಕಳಿಸಬೇಕು ಎಂಬ ನಿಯಮ ತರಬೇಕಾಯಿತು. ನಮಗೂ ಚುಕ್ಕಿ, ಅಲ್ಪವಿರಾಮ ಬದಲಿಸಿದ ತಿದ್ದುಪಡಿಗಳೇ ಜಾಸ್ತಿ ಬಂದವು. ನವೆಂಬರ್‌ಗೆ ಎಲ್ಲರೂ ಹೋದರು. ಉಳಿದವಳು ಏಪ್ರಿಲ್‌ನ ಅದೇ ಹುಡುಗಿ.

ಅವಳು ಮಾಸ್ತರರ ಮನೆಗೆ ಹೋದಳು. ಅವರು ಪ್ರಿಂಟ್ ತೆಗೆಸಿ, ಕೆಟ್ಟ ಪದಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದರು. ಮರ್ತ್ಯ, ಸಾಮರ್ಥ್ಯ, ಈರ್ಷ್ಯೆ, ಅನರ್ಘ್ಯ. ಒಂದೊಂದನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಿದಳು. ಈಗ ಯಾರು ಏನೇ ಬದಲಿಸಲಿ, ಮೊದಲು ಆ ಪದಗಳೆಲ್ಲ ಸರಿ ಬರಬೇಕು.

ಡಿಸೆಂಬರ್‌ನಲ್ಲಿ ಗೆಳೆಯ ಬೆಂಗಳೂರಿನಿಂದ ಬಂದ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಉಂಡು, ಅವಳ ಪಕ್ಕದಲ್ಲಿ ಕೂತು ಇಡೀ ಕೋಡ್ ಓದಿದ. ಹೊರಡುವ ಮೊದಲು ಎರಡನೇ ಕೀಲಿಯನ್ನು ಅವಳಿಗೆ ಕೊಟ್ಟ. ಜನವರಿಯಲ್ಲಿ ಹೊಸ ಆವೃತ್ತಿ ಬಿಟ್ಟವಳು ಅವಳೇ, ಹಾಸ್ಟೆಲ್ ಕೋಣೆಯಿಂದ. ಮಾಸ್ತರರ ಫೈಲನ್ನು ಅವತ್ತು ರಾತ್ರಿಯೇ ಮತ್ತೆ ಹಾಕಿ ಕಳಿಸಿದೆವು.