ಹೋಸ್ಟಿಂಗ್ ಬದಲಿಸುವ ಮೊದಲು ನಿಮ್ಮ ಫಾರ್ಮ್ ನೀವೇ ತುಂಬಿ ನೋಡಿ

"ಸೈಟ್ ಬಾಳ ಸ್ಲೋ ಐತಣ್ಣ, ದೊಡ್ಡ ಹೋಸ್ಟಿಂಗ್‌ಗೆ ಹಾಕಿಬಿಡ್ರಿ." ಬಳ್ಳಾರಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ನನಗೆ ಇಂಥ ಫೋನ್ ಬರುತ್ತಲೇ ಇರುತ್ತವೆ. ಹೋಗಿ ನೋಡಿದರೆ ಸರ್ವರ್, ಅಂದರೆ ಸೈಟ್ ಇಡಲು ಬಾಡಿಗೆಗೆ ಪಡೆದ ಕಂಪ್ಯೂಟರ್, ಆರಾಮಾಗಿರುತ್ತದೆ. ತೊಂದರೆ ಕೊಡುವುದು, ಚೆಂದ ಕಾಣಲಿ ಅಂತ ಫಾರ್ಮ್‌ನಲ್ಲಿ ಹೊಸದಾಗಿ ಕಟ್ಟಿಸಿಕೊಂಡ ಡ್ರಾಪ್‌ಡೌನ್, ಅಂದರೆ ಪಟ್ಟಿಯಿಂದ ಒಂದನ್ನು ಆರಿಸುವ ಪೆಟ್ಟಿಗೆ.

ಮೊನ್ನೆ ಜೀನ್ಸ್ ಹೊಲಿಸುವವರೊಬ್ಬರು ಕರೆದಿದ್ದರು. ಹಲವು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಬಿಟ್ಟು, ತಮಗೇ ಬೇರೆ ಪಾಲು ಸಿಗುವ ವಿಪಿಎಸ್‌ಗೆ ಹೋಗಲು ದುಡ್ಡು ತೆಗೆದಿಟ್ಟಿದ್ದರು. ನಾನು ಆರ್ಡರ್ ಎಂಟ್ರಿ ಮಾಡುವ ಹೆಣ್ಣುಮಗಳ ಪಕ್ಕ ಸುಮ್ನೆ ಕೂತೆ. ಆಕೆ ಮೌಸ್ ಮುಟ್ಟುವವರಲ್ಲ, ಬೆರಳೆಲ್ಲ ಕೀಬೋರ್ಡ್ ಮೇಲೆ. ಟ್ಯಾಬ್ ಒತ್ತಿದರೆ ಸೊಂಟದ ಸೈಜಿನ ಪೆಟ್ಟಿಗೆಯನ್ನೇ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಪ್ರತಿ ಸಾಲಿಗೂ ಕೈ ಎತ್ತಿ ಮೌಸ್ ಹಿಡಿಯಬೇಕು, ಕ್ಲಿಕ್ ಮಾಡಬೇಕು, ಪಟ್ಟಿ ಉರುಳಿಸಬೇಕು. ಅವರು 'ಸ್ಲೋ' ಅನ್ನುತ್ತಿದ್ದದ್ದು ಇದಕ್ಕೆ.

ಆಮೇಲೆ ಸಣ್ಣ ಫೋನಿನಲ್ಲಿ ತೆರೆದೆ. ಪಟ್ಟಿ 28ರಿಂದ ಶುರುವಾಗಿ 34ಕ್ಕೆ ಕತ್ತರಿಸಿಹೋಗಿತ್ತು. 36 ಪೆಟ್ಟಿಗೆಯ ಅಂಚಿನ ಕೆಳಗೆ ಸಿಕ್ಕಿಕೊಂಡಿತ್ತು. ಮಾಲೀಕರು ಆ ಸೈಜಿಗೆ ಗಿರಾಕಿ ಇಲ್ಲ ಅಂದುಕೊಂಡು ಹೊಲಿಸುವುದನ್ನೇ ಕಡಿಮೆ ಮಾಡಿದ್ದರು!

ಇದೊಂದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನಲ್ಲೇ ಬರುವ ಡ್ರಾಪ್‌ಡೌನ್ 'ಸೆಲೆಕ್ಟ್' ಬರೀ ಒಂದು ಪೆಟ್ಟಿಗೆಯ ಚಿತ್ರವಲ್ಲ. ಟ್ಯಾಬ್ ಒತ್ತಿದರೆ ಅದರೊಳಕ್ಕೆ ಹೋಗುತ್ತೀರಿ, ಬಾಣದ ಕೀಲಿ ಒತ್ತಿದರೆ ಆಯ್ಕೆ ಬದಲಾಗುತ್ತದೆ. ಬೇಗಬೇಗನೆ 3, 4 ಒತ್ತಿದರೆ ನೇರ 34ಕ್ಕೆ ಹೋಗಿ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಫೋನೇ ತನ್ನ ದೊಡ್ಡ ಪಟ್ಟಿ ತೆರೆಯುತ್ತದೆ. ಕಣ್ಣು ಕಾಣದವರಿಗೆ ಆಂಡ್ರಾಯ್ಡ್ ಫೋನಿನ ಓದಿ ಹೇಳುವ ಸೌಲಭ್ಯ ಟಾಕ್‌ಬ್ಯಾಕ್ ಅದು ಆಯ್ಕೆಯ ಪೆಟ್ಟಿಗೆ ಅಂತ, ಈಗ ಯಾವುದು ಆರಿಸಿದೆ ಅಂತ ಓದಿ ಹೇಳುತ್ತದೆ. ನಾಲ್ಕು 'ಡಿವ್' (ಬರೀ ಖಾಲಿ ಚೌಕಗಳು) ಜೋಡಿಸಿ ಬಣ್ಣ ಹಚ್ಚಿದರೆ ಇದ್ಯಾವುದೂ ಬರುವುದಿಲ್ಲ. ಕೀಲಿಗಳ ಕೆಲಸ, ಫೋಕಸ್ (ಟ್ಯಾಬ್ ಒತ್ತಿದಾಗ ಎಲ್ಲಿ ನಿಲ್ಲಬೇಕು ಅನ್ನುವುದು), ಇದು ಎಂಥ ಪೆಟ್ಟಿಗೆ ಅಂತ ಟಾಕ್‌ಬ್ಯಾಕ್‌ಗೆ ತಿಳಿಸುವ ARIA ರೋಲ್, ಎಲ್ಲವನ್ನೂ ನೀವೇ ಬರೆಯಬೇಕು. ಬರೆದದ್ದನ್ನು ಎಲ್ಲ ಫೋನಿನಲ್ಲೂ ನೋಡಬೇಕು. ಕೊಟ್ಟ ದುಡ್ಡಿಗೆ ಅಷ್ಟು ಕೆಲಸ ಯಾರು ಮಾಡುತ್ತಾರೆ, ಹೇಳಿ?

ಹೀಗೆ ನಾವೇ ಕಟ್ಟುವ ಕಸ್ಟಮ್ ಡ್ರಾಪ್‌ಡೌನ್ ಬೇಡವೇ ಬೇಡ ಅನ್ನಲಾರೆ. ನೂರಾರು ಐಟಂಗಳಲ್ಲಿ ಟೈಪ್ ಮಾಡಿ ಹುಡುಕಬೇಕು ಅಂದರೆ ಅದು ಬೇಕಾಗಬಹುದು. ಬಣ್ಣ, ಅಂಚಷ್ಟೇ ಬೇಕಾದರೆ ಮುಚ್ಚಿದ ಸೆಲೆಕ್ಟ್ ಪೆಟ್ಟಿಗೆಗೆ ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ಸಾಕು. 2025ರಲ್ಲಿ ಬಂದ ಕ್ರೋಮ್ 135ರಿಂದ ತೆರೆದ ಪಟ್ಟಿಯ ರೂಪವನ್ನೂ ಬದಲಿಸಬಹುದು. ಆ ಸೌಲಭ್ಯ ಇಲ್ಲದ ಬ್ರೌಸರಿನಲ್ಲಿ ಮಾಮೂಲಿ ಪಟ್ಟಿ ಕಾಣುತ್ತದೆ, ಕೆಲಸ ನಿಲ್ಲುವುದಿಲ್ಲ.

ಹೋಸ್ಟಿಂಗ್ ಎಂದೂ ಕಾರಣ ಅಲ್ಲ ಅಂತಲ್ಲ. ಗಿರಾಕಿಗಳು ಇಲ್ಲಿ, ಸರ್ವರ್ ಅಮೆರಿಕದಲ್ಲಿ ಇದ್ದರೆ ಮುಂಬೈಗೋ ಹೈದರಾಬಾದಿಗೋ ತರುವುದು ಒಳ್ಳೆಯದೇ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿರುವ 'ನೆಟ್‌ವರ್ಕ್' ಭಾಗದಲ್ಲಿ ಸರ್ವರಿನ ಮೊದಲ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಅಲ್ಲೇ ಎರಡು ಮೂರು ಸೆಕೆಂಡ್ ಹೋಗುತ್ತಿದ್ದರೆ ಹೋಸ್ಟಿಂಗ್ ಬದಲಿಸುವ ಮಾತು ಆಡೋಣ. ಆಗಲೂ ಮೊದಲು ಸೈಟಿನ ಮಾಹಿತಿ ಇಟ್ಟಿರುವ ಡೇಟಾಬೇಸ್ ತಡ ಮಾಡುತ್ತಿದೆಯೇ ಅಂತ ನೋಡುತ್ತೇನೆ.

ಜೀನ್ಸ್‌ನವರ ಸೈಟ್ ಹಳೇ ಹೋಸ್ಟಿಂಗ್‌ನಲ್ಲೇ ಇದೆ. ಸೆಲೆಕ್ಟ್ ಹಾಕಿದ ದಿನ ಸಂಜೆ ಆ ಹೆಣ್ಣುಮಗಳು ಟ್ಯಾಬ್, 3, 6, ಟ್ಯಾಬ್ ಅಂತ ಹೋಗುತ್ತಿದ್ದರು. ಮೌಸ್ ಬಿಲ್ ಪುಸ್ತಕದ ಹಿಂದೆ ಸರಿದಿತ್ತು.