ಸಾನ್‌ರೆಮೊದಿಂದ ಎಲ್ವಿಸ್‌ವರೆಗೆ: ಒಂದು ಇಟಾಲಿಯನ್ ಪ್ರೇಮಗೀತೆಯ ಪಯಣ

‘ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ’ ಅಂದರೆ ಹಳೆಯ ಇಂಗ್ಲಿಷ್ ಹಾಡು ಕೇಳುವವರಿಗೆ ಥಟ್ಟನೆ ನೆನಪಾಗುವುದು ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್, ಇಲ್ಲವೇ ಎಲ್ವಿಸ್ ಪ್ರೀಸ್ಲಿ. ಆದರೆ ಈ ಹಾಡಿನ ತವರು ಇಟಲಿ. ರಾಗ ಹಾಕಿದವರು ಪಿನೊ ಡೊನಾಜಿಯೊ, ಸಾಹಿತ್ಯ ವಿಟೊ ಪಲ್ಲವಿಚಿನಿ ಅವರದು. ಮೂಲದ ಹೆಸರು ‘ಇಯೊ ಕೆ ನೊನ್ ವಿವೊ’. ನೀನಿಲ್ಲದೆ ಒಂದು ತಾಸಿಗಿಂತ ಹೆಚ್ಚು ಬದುಕಿರಲಾರೆ ಎನ್ನುವ ಪ್ರೇಮಿಯ ಮಾತು ಅದು.

ಇಟಲಿಯ ಹಾಡಿನ ಸ್ಪರ್ಧೆಯಾದ ಸಾನ್‌ರೆಮೊ ಉತ್ಸವದಲ್ಲಿ, 1965ರಲ್ಲಿ, ಈ ಹಾಡು ಮೊದಲು ಕೇಳಿಬಂತು. ಅಲ್ಲಿ ಆಗ ಒಂದು ಪದ್ಧತಿ ಇತ್ತು. ಸ್ಪರ್ಧೆ ಹಾಡುಗಳ ನಡುವೆ. ಒಂದೇ ಹಾಡನ್ನು ಇಬ್ಬರು ಬೇರೆಬೇರೆಯಾಗಿ ಹಾಡುತ್ತಿದ್ದರು. ಆ ಸಲ ಹೊರದೇಶದ ಗಾಯಕರೂ ಬಂದಿದ್ದರು. ಹಾಗಾಗಿ ಈ ಹಾಡನ್ನು ಡೊನಾಜಿಯೊ ಜೊತೆಗೆ ಅಮೆರಿಕದ ಗಾಯಕಿ ಜೋಡಿ ಮಿಲ್ಲರ್ ಕೂಡ ಹಾಡಿದರು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಹುಟ್ಟಿದ ದಿನವೇ ಇಬ್ಬರ ಗಂಟಲಲ್ಲಿ ಇದ್ದ ಹಾಡು ಇದು, ಒಬ್ಬರದೇ ಸ್ವತ್ತಾಗಿ ಎಂದೂ ಇರಲಿಲ್ಲ.

ಹಾಡು ಅಲ್ಲಿ ಗೆಲ್ಲಲಿಲ್ಲ. ಆದರೂ ಇಟಲಿಯಲ್ಲಿ ಡೊನಾಜಿಯೊ ಅವರ ರೆಕಾರ್ಡ್ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ನಿರ್ದೇಶಕ ಲುಚಿನೊ ವಿಸ್ಕೊಂಟಿ ಅದನ್ನು ತಮ್ಮ ಸಿನಿಮಾದಲ್ಲೂ ಬಳಸಿಕೊಂಡರು.

ಆ ಉತ್ಸವಕ್ಕೆ ಸ್ಪರ್ಧಿಯಾಗಿ ಬಂದವರಲ್ಲಿ ಲಂಡನ್ನಿನ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಕೂಡ ಇದ್ದರು. ಅವರ ಪಾಲಿನ ಹಾಡುಗಳು ಫೈನಲ್ ತಲುಪಲಿಲ್ಲ. ಆದರೆ ಡೊನಾಜಿಯೊ ಹಾಡಿದ್ದು ಮನಸ್ಸಿನಲ್ಲಿ ಉಳಿಯಿತು. ಸಾಹಿತ್ಯ ಒಂದಕ್ಷರ ಅರ್ಥವಾಗದಿದ್ದರೂ ಕಣ್ಣು ತುಂಬಿ ಬಂತಂತೆ. ರಾಗ ಇರುವುದೇ ಹಾಗೆ: ಶುರುವಿನಲ್ಲಿ ಅದುಮಿಟ್ಟ ದನಿ, ಪಲ್ಲವಿಗೆ ಬರುತ್ತಲೇ ಒಮ್ಮೆಲೇ ಎತ್ತರಕ್ಕೆ. ಅದನ್ನು ಕೇಳಲು ಭಾಷೆ ಬೇಕಿಲ್ಲ.

1966ರಲ್ಲಿ ಡಸ್ಟಿ ಮೊದಲು ವಾದ್ಯಗಳ ಟ್ರ್ಯಾಕ್ ರೆಕಾರ್ಡ್ ಮಾಡಿಸಿದರು. ಇಂಗ್ಲಿಷ್ ಸಾಹಿತ್ಯ ಇನ್ನೂ ಇರಲೇ ಇಲ್ಲ! ಟಿವಿ ಕಾರ್ಯಕ್ರಮ ನಡೆಸುತ್ತಿದ್ದ ಗೆಳತಿ ವಿಕಿ ವಿಕಮ್ ಅವರನ್ನು ಬರೆದುಕೊಡಲು ಕೇಳಿದರು. ವಿಕಮ್ ಜೊತೆಗೆ ಅವರ ಗೆಳೆಯ ಸೈಮನ್ ನೇಪಿಯರ್-ಬೆಲ್ ಕೂತರು. ಇಬ್ಬರಿಗೂ ಹಾಡು ಬರೆದು ಅಭ್ಯಾಸವಿಲ್ಲ, ಇಟಾಲಿಯನ್ನೂ ಬಾರದು. ನೇಪಿಯರ್-ಬೆಲ್ ಹೇಳಿಕೊಂಡಂತೆ ‘ನಾನು ನಿನ್ನನ್ನು ಪ್ರೀತಿಸುವುದಿಲ್ಲ’ ಎಂಬಲ್ಲಿಂದ ಶುರುವಾಗಿ, ‘ನೀನು ಪ್ರೀತಿಸುವುದಿಲ್ಲ’, ‘ಪ್ರೀತಿಸಲೇಬೇಕೆಂದಿಲ್ಲ’ ಎಂದು ಬದಲಾಗುತ್ತಾ, ಕೊನೆಗೆ ‘ಪ್ರೀತಿಸುತ್ತೇನೆ ಅಂತ ಹೇಳಲೇಬೇಕೆಂದಿಲ್ಲ’ ಎಂಬಲ್ಲಿಗೆ ಬಂದು ನಿಂತಿತು. ಉಳಿದದ್ದನ್ನು ಟ್ಯಾಕ್ಸಿಯಲ್ಲಿ ಕೂತು ಮುಗಿಸಿದರು.

ಹೀಗೆ ಹಾಡಿನ ಭಾವವೇ ತಿರುಗಿತು. ಇಟಲಿಯ ಪ್ರೇಮಿ ಒಂದು ಗಳಿಗೆಯನ್ನೂ ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನವಳು ಮಾತನ್ನೂ ಕೇಳುವುದಿಲ್ಲ, ಹತ್ತಿರ ಇದ್ದರೆ ಸಾಕು ಅನ್ನುತ್ತಾಳೆ. ಎರಡನೆಯದರಲ್ಲೇ ನೋವು ಜಾಸ್ತಿ ಅನ್ನುವುದು ನನ್ನ ಅನಿಸಿಕೆ.

ಸ್ಟುಡಿಯೋದೊಳಗೆ ದನಿ ಬೇಕಾದ ಹಾಗೆ ಕೇಳಿಸದೆ, ಡಸ್ಟಿ ಕಟ್ಟಡದ ಮೆಟ್ಟಿಲುಗಳ ಬಳಿ ಮೈಕ್ ಇಡಿಸಿ ಹಾಡಿದರು. ಆ ಮೆಟ್ಟಿಲುಗಳ ಮಾರ್ದನಿ ರೆಕಾರ್ಡಿನಲ್ಲಿ ಈಗಲೂ ಕೇಳುತ್ತದೆ. 47 ಟೇಕ್ ಆದವು ಅನ್ನುತ್ತಾರೆ. ಹಾಡು ಬ್ರಿಟನ್ನಿನಲ್ಲಿ ನಂಬರ್ 1 ಆಯಿತು, ಅಮೆರಿಕದಲ್ಲಿ ನಂಬರ್ 4.

ಎಲ್ವಿಸ್ 1970ರ ಜೂನ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಇದನ್ನು ರೆಕಾರ್ಡ್ ಮಾಡಿದರು. ಅಮೆರಿಕದ ಪಟ್ಟಿಯಲ್ಲಿ 11ನೇ ಸ್ಥಾನ. ಡಸ್ಟಿ ಅಂಗಲಾಚಿದ ಕಡೆ ಎಲ್ವಿಸ್ ಎದೆಯುಬ್ಬಿಸಿ ಹಾಡುತ್ತಾರೆ. ವೇದಿಕೆಗೆ ಅದು ಚೆನ್ನಾಗಿಯೇ ಒಪ್ಪಿತು. 1972ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲೂ ಹಾಡಿದರು.

ಡೊನಾಜಿಯೊ ಅಷ್ಟಕ್ಕೇ ನಿಲ್ಲಲಿಲ್ಲ. ಪಿಟೀಲು ಕಲಿತು ಬೆಳೆದಿದ್ದ ಅವರು 1973ರಿಂದ ಸಿನಿಮಾ ಸಂಗೀತಕ್ಕೆ ಹೊರಳಿ, 1976ರ ‘ಕ್ಯಾರಿ’ಗೂ ಸಂಗೀತ ಕೊಟ್ಟರು. ಮೂರೂ ಆವೃತ್ತಿಗಳನ್ನು ಕೇಳುವುದಾದರೆ ಅವರದ್ದನ್ನೇ ಮೊದಲು ಕೇಳಿ. ಡಸ್ಟಿ ದನಿ ಒಮ್ಮೆ ಕಿವಿಯಲ್ಲಿ ಕೂತರೆ ಮೂಲವನ್ನು ಅದರ ಪಾಡಿಗೆ ಕೇಳುವುದು ಕಷ್ಟ.